ಎಲೆಯ ಸಾರದಲ್ಲಿ ಮದ್ದೆಷ್ಟು, ನಂಜೆಷ್ಟು? ಪರೀಕ್ಷಿಸುವ ಬಗೆ

ಬ್ಯಾಕ್ಟೀರಿಯಾ ಬೆಳೆಸುವ ಪೆಟ್ರಿ ತಟ್ಟೆಯಲ್ಲಿ ಎಲೆಸಾರ ತುಂಬಿದ ಗುಂಡಿಯ ಸುತ್ತ 14 ಮಿಲಿಮೀಟರ್ ಅಗಲದ ತಿಳಿ ವೃತ್ತ ಎದ್ದಿತ್ತು. ಅಷ್ಟು ಜಾಗದಲ್ಲಿ ಬ್ಯಾಕ್ಟೀರಿಯಾ ತಲೆ ಎತ್ತಿಲ್ಲ ಎಂದು ಅದರ ಅರ್ಥ. ಮೊದಲ ಸಲ ಈ ಪರೀಕ್ಷೆಗೆ ಕೈಹಾಕಿದ್ದ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರ್ಗದರ್ಶಕರು ತಟ್ಟೆಯನ್ನು ಬೆಳಕಿಗೆ ಹಿಡಿದು, ‘ಪಕ್ಕದ್ದನ್ನೂ ಅಳೆದೆಯಾ?’ ಎಂದರು.

‘ಅದರಲ್ಲಿ ಏನೂ ಇಲ್ಲ ಸರ್, ಸಾರ ಕರಗಿಸಲು ಬಳಸಿದ ಬರೀ ಮೆಥನಾಲ್.’

‘ಅದಕ್ಕೇ ಅಳೆ ಅಂದದ್ದು.’

ಅಳೆದೆ. 12 ಮಿಲಿಮೀಟರ್. ಮೂರು ವಾರ ಒಣಗಿಸಿ, ಪುಡಿ ಮಾಡಿ, ನೆನೆಸಿ, ಸೋಸಿದ ಎಲೆಯ ಪಾಲಿಗೆ ಉಳಿದದ್ದು ಎರಡು ಮಿಲಿಮೀಟರ್.

ಎಲೆಸಾರದ ಪರೀಕ್ಷೆ ಅಷ್ಟೇನೂ ಕಷ್ಟದ ಕೆಲಸವಲ್ಲ. ಪದವಿ ತರಗತಿಯ ಪ್ರಯೋಗಾಲಯದಲ್ಲಿ ಮುಕ್ಕಾಲು ಪಾಲು ಮಾಡಿ ಮುಗಿಸಬಹುದು. ಕಷ್ಟ ಇರುವುದು ಬಂದ ಫಲಿತಾಂಶವನ್ನು ನಂಬುವ ಮೊದಲು ಆ ಪಕ್ಕದ ಗುಂಡಿಯ ಕಡೆ ನೋಡುವುದರಲ್ಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ವಿವರಿಸಿರುವುದು ಪ್ರಯೋಗಾಲಯದ ಕೆಲಸ. ದ್ರಾವಕಗಳು ಬೆಂಕಿ ಹೊತ್ತಿಕೊಳ್ಳುವಂಥವು, ಕೆಲವು ರಾಸಾಯನಿಕಗಳು ಕಡು ವಿಷ. ಹೀಗೆ ತೆಗೆದ ಸಾರವನ್ನು ಯಾರೂ ನಾಲಿಗೆಗೆ ತಾಗಿಸಬಾರದು.

ಗಿಡ ಯಾವುದು?

1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ, ತೂಕ ಇಳಿಸುವ ಮಾತ್ರೆ ನುಂಗಿದ ಹಲವು ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದವು. ಮಾತ್ರೆಯಲ್ಲಿ ಸ್ಟೆಫಾನಿಯಾ ಎಂಬ ಚೀನೀ ಗಿಡಮೂಲಿಕೆ ಇರಬೇಕಿತ್ತು. ಚೀನೀ ಭಾಷೆಯಲ್ಲಿ ಅದನ್ನೇ ಹೋಲುವ ಹೆಸರಿನ ಅರಿಸ್ಟೊಲೋಕಿಯಾ ಅದರ ಜಾಗಕ್ಕೆ ಬಂದು ಕೂತಿತ್ತು. ಆಡುಹೆಸರನ್ನು ನಂಬಿದರೆ ಆಗುವುದು ಇದೇ. ಒಂದೇ ಹೆಸರಿಗೆ ನಾಲ್ಕು ಗಿಡ, ಒಂದೇ ಗಿಡಕ್ಕೆ ಹತ್ತು ಹೆಸರು.

ಆದ್ದರಿಂದ ಎಲೆ ಕೀಳುವ ದಿನವೇ ಹೂವು ಅಥವಾ ಕಾಯಿ ಇರುವ ಒಂದು ರೆಂಬೆಯನ್ನು ಕತ್ತರಿಸಿ, ಕಾಗದದ ನಡುವೆ ಒತ್ತಿ ಒಣಗಿಸಿ, ಹರ್ಬೇರಿಯಂ ಹಾಳೆಗೆ ಅಂಟಿಸಿ. ಸಸ್ಯಶಾಸ್ತ್ರಜ್ಞರಿಂದ ವೈಜ್ಞಾನಿಕ ಹೆಸರು ಖಚಿತ ಮಾಡಿಸಿ, ಹಾಳೆಗೊಂದು ಸಂಖ್ಯೆ ಪಡೆಯಿರಿ. ಕಿತ್ತ ಜಾಗ, ತಾರೀಕು, ಹೊತ್ತು, ಎಲೆ ಎಳೆಯದೋ ಬಲಿತದ್ದೋ, ಗಿಡ ಹೂಬಿಟ್ಟಿತ್ತೋ ಇಲ್ಲವೋ ಎಲ್ಲವನ್ನೂ ಬರೆದಿಡಿ. ರಸ್ತೆ ಬದಿಯ ಮತ್ತು ಕೀಟನಾಶಕ ಸಿಂಪಡಿಸಿದ ಹೊಲದಂಚಿನ ಎಲೆ ಬೇಡ. ಆಮೇಲೆ ಕಂಡ ನಂಜು ಗಿಡದ್ದೋ ಸಿಂಪಡಣೆಯದ್ದೋ ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಒಣಗಿಸಿ ಪುಡಿ ಮಾಡುವುದು

ಎಲೆಯನ್ನು ಹರಿಯುವ ನೀರಿನಲ್ಲಿ ತೊಳೆದು, ಕೊನೆಗೊಮ್ಮೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ನೆರಳಲ್ಲಿ ತೆಳುವಾಗಿ ಹರಡಿ. ಬಿಸಿಲು ಬೇಡ. ಒಂದೆರಡು ವಾರದಲ್ಲಿ ಮುಟ್ಟಿದರೆ ಮುರಿಯುವ ಹದಕ್ಕೆ ಬರುತ್ತದೆ. ಅವಸರವಿದ್ದರೆ ಓವನ್‌ನಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟದಂತೆ ಒಣಗಿಸಬಹುದು. ಬೂಷ್ಟು ಹಿಡಿದ ಎಲೆಯನ್ನು ಮುಲಾಜಿಲ್ಲದೆ ಎಸೆಯಿರಿ, ಏಕೆಂದರೆ ಬೂಷ್ಟಿಗೂ ತನ್ನದೇ ವಿಷಗಳಿವೆ. ಪುಡಿ ಮಾಡಿ, ಜರಡಿ ಹಿಡಿದು, ಗಾಳಿಯಾಡದ ಡಬ್ಬಿಯಲ್ಲಿಡಿ.

ಸಾರ ತೆಗೆಯುವುದು

ಇಡೀ ಕೆಲಸದ ಹಣೆಬರಹ ತೀರ್ಮಾನವಾಗುವುದು ಇಲ್ಲಿ. ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ, ಚಿಂಗ್‌ಹಾವೋ ಎಂಬ ಗಿಡದ ಸಾರ ಒಮ್ಮೆ ಕೆಲಸ ಮಾಡಿದರೆ ಮತ್ತೊಮ್ಮೆ ಕೈಕೊಡುತ್ತಿತ್ತು. 4ನೇ ಶತಮಾನದ ವೈದ್ಯ ಗೆ ಹೋಂಗ್ ಬರೆದಿಟ್ಟಿದ್ದ ಒಂದು ಸಾಲು ಆಗ ಅವರ ಕಣ್ಣಿಗೆ ಬಿತ್ತು: ಒಂದು ಹಿಡಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ. ಕುದಿಸು ಎಂಬ ಮಾತೇ ಅಲ್ಲಿರಲಿಲ್ಲ. ಕಾಯಿಸಿದ್ದರಿಂದಲೇ ಸತ್ವ ಹಾಳಾಗುತ್ತಿರಬಹುದು ಎಂದು ಊಹಿಸಿದ ತು, 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. ಅದರಲ್ಲಿದ್ದ ಆಮ್ಲೀಯ ಭಾಗವನ್ನು ಬೇರ್ಪಡಿಸಿದರು. 1971ರ ಅಕ್ಟೋಬರ್ 4ರಂದು, ಉಳಿದ ತಟಸ್ಥ ಭಾಗ ಇಲಿಗಳ ಮಲೇರಿಯಾವನ್ನು ನೂರಕ್ಕೆ ನೂರು ತಡೆದದ್ದು ಕಂಡಿತು, ನಂಜೂ ಕಾಣಲಿಲ್ಲ. ಅದೇ ಗಿಡ, ಅದೇ ಎಲೆ. ಬದಲಾದದ್ದು ದ್ರಾವಕ, ಶಾಖ ಮತ್ತು ಬೇರ್ಪಡಿಸಿದ ಬಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು.

ನಿಮ್ಮ ಮೇಜಿನ ಮೇಲೆ ಹೀಗೆ ಮಾಡಿ. 50 ಗ್ರಾಂ ಪುಡಿಯನ್ನು ಕಾನಿಕಲ್ ಫ್ಲಾಸ್ಕಿಗೆ ಹಾಕಿ 500 ಮಿ.ಲೀ. ಹೆಕ್ಸೇನ್ ಸುರಿಯಿರಿ. ಬಾಯಿ ಮುಚ್ಚಿ ಶೇಕರ್ ಮೇಲೆ 24 ಗಂಟೆ ಬಿಟ್ಟು ಫಿಲ್ಟರ್ ಕಾಗದದಲ್ಲಿ ಸೋಸಿ. ಉಳಿದ ಚರಟವನ್ನು ಒಣಗಿಸಿ ಅದಕ್ಕೇ ಈಥೈಲ್ ಅಸಿಟೇಟ್, ಆಮೇಲೆ ಮೆಥನಾಲ್, ಕೊನೆಗೆ ನೀರು, ಹೀಗೆ ಒಂದಾದ ಮೇಲೊಂದು. ಹೆಕ್ಸೇನ್ ಮೇಣ ಮತ್ತು ಕೊಬ್ಬನ್ನು ಹೊತ್ತೊಯ್ಯುತ್ತದೆ, ಎಲೆಯ ಹಸಿರನ್ನೂ ತಕ್ಕಮಟ್ಟಿಗೆ ಇಳಿಸುತ್ತದೆ. ಫೀನಾಲ್, ಫ್ಲೇವನಾಯ್ಡ್ ಎಂಬ ಸಸ್ಯ ರಾಸಾಯನಿಕಗಳು ನಡುವಿನ ಎರಡರಲ್ಲಿ ಬರುತ್ತವೆ. ಸಕ್ಕರೆ, ಒಗರಿನ ಟ್ಯಾನಿನ್, ನೊರೆ ಕಟ್ಟುವ ಸಪೋನಿನ್‌ಗಳು ಮೆಥನಾಲ್ ಮತ್ತು ನೀರಿನಲ್ಲಿ ಇಳಿಯುತ್ತವೆ. ಈ ನಾಲ್ಕು ಬಾಟಲಿಗಳನ್ನು ಬೆರೆಸಬೇಡಿ.

ದ್ರಾವಕವನ್ನು ರೋಟರಿ ಇವಾಪೊರೇಟರಿನಲ್ಲಿ, ಒತ್ತಡ ತಗ್ಗಿಸಿ, 40 ಡಿಗ್ರಿಯ ಆಸುಪಾಸಿನಲ್ಲಿ ಆರಿಸಿ. ನೀರಿನ ಸಾರವನ್ನು ಸಾಧ್ಯವಾದರೆ ಫ್ರೀಜ್ ಡ್ರೈಯರಿಗೆ ಕೊಡಿ. ಯಾವ ಹಂತದಲ್ಲೂ ಹತ್ತಿರ ಉರಿ ಇರಕೂಡದು. ತಳದಲ್ಲಿ ಉಳಿಯುವ ಜಿಗುಟನ್ನು ತೂಗಿ. 50 ಗ್ರಾಂ ಪುಡಿಯಿಂದ 4.2 ಗ್ರಾಂ ಬಂದರೆ ಇಳುವರಿ ಶೇ 8.4. ಕಂದು ಬಣ್ಣದ ಗಾಜಿನ ಸೀಸೆಯಲ್ಲಿ, 4 ಡಿಗ್ರಿಯಲ್ಲಿ ಇಡಿ. ಜೊತೆಗೆ ಎಲೆಯೇ ಇಲ್ಲದ ಒಂದು ಫ್ಲಾಸ್ಕನ್ನೂ ಇದೇ ದಾರಿಯಲ್ಲಿ ಪೂರ್ತಿ ನಡೆಸಿ, ಅದರ ತಳದಲ್ಲಿ ಉಳಿದದ್ದನ್ನೂ ಎತ್ತಿಡಿ. ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಬಣ್ಣ ಹೇಳುವ ಮಾತು

ಪ್ರಣಾಳದಲ್ಲಿ ಒಂದೆರಡು ಮಿ.ಲೀ. ಸಾರ, ಮೇಲೆ ನಾಲ್ಕು ಹನಿ ರಾಸಾಯನಿಕ. ಮಕ್ಕಳಿಗೂ ಖುಷಿ ಕೊಡುವ ಹಂತ ಇದು. ಮೇಯರ್ ದ್ರಾವಣಕ್ಕೆ ಕೆನೆಬಣ್ಣದ, ಡ್ರಾಗೆನ್‌ಡಾರ್ಫ್ ದ್ರಾವಣಕ್ಕೆ ಕಿತ್ತಳೆಗೆಂಪಿನ ಗಷ್ಟು ಕಂಡರೆ ಆಲ್ಕಲಾಯ್ಡ್ (ಸಾರಜನಕ ಇರುವ ಸಸ್ಯದ ಅಂಶ) ಇರಬಹುದು. ಫೆರಿಕ್ ಕ್ಲೋರೈಡಿಗೆ ಕಡುನೀಲಿ ಅಥವಾ ಕಪ್ಪುಹಸಿರು ಬಂದರೆ ಫೀನಾಲ್, ಟ್ಯಾನಿನ್. ಮೆಗ್ನೀಸಿಯಂ ಚೂರು ಹಾಕಿ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟಾಗ ಗುಲಾಬಿಯಾದರೆ ಫ್ಲೇವನಾಯ್ಡ್. ನೀರು ಬೆರೆಸಿ ಜೋರಾಗಿ ಕುಲುಕಿ, ಎದ್ದ ನೊರೆ ಹತ್ತು ಹದಿನೈದು ನಿಮಿಷವಾದರೂ ನಿಂತರೆ ಸಪೋನಿನ್. ಕೆಲ್ಲರ್-ಕಿಲಿಯಾನಿ ಪರೀಕ್ಷೆಯಲ್ಲಿ ಎರಡು ದ್ರವ ಸೇರುವಲ್ಲಿ ಕೆಂಗಂದು ಉಂಗುರ ಕಂಡರೆ ಎಚ್ಚರ! ಕಣಗಿಲೆಯ ಎಲೆಯಲ್ಲಿರುವಂಥ, ಹೃದಯದ ಬಡಿತವನ್ನೇ ಕೆಡಿಸಬಲ್ಲ ಗ್ಲೈಕೋಸೈಡ್‌ಗಳ ಸುಳಿವು ಅದು.

‘ಇರಬಹುದು’ ಎಂದು ಬೇಕೆಂದೇ ಬರೆದೆ. ಮೇಯರ್ ದ್ರಾವಣ ಪ್ರೋಟೀನನ್ನೂ ಗಷ್ಟು ಕಟ್ಟಿಸುತ್ತದೆ. ಎಲೆಸಾರದ ದಟ್ಟ ಹಸಿರು ಗುಲಾಬಿಯನ್ನೂ ಕಿತ್ತಳೆಯನ್ನೂ ನುಂಗಿಹಾಕುತ್ತದೆ. ಆ ಹಸಿರನ್ನು ಇದ್ದಿಲಿನಿಂದ ತೆಗೆಯಲು ಹೊರಟರೆ ಬೇಕಾದ ಅಂಶವೂ ಅದರ ಜೊತೆಗೇ ಹೋಗಬಹುದು. ಹಾಗಾಗಿ ಪ್ರತಿ ಬಣ್ಣಕ್ಕೂ ಮೂರು ಪ್ರಣಾಳ ಸಾಲಾಗಿ ಇಡಿ: ನಿಮ್ಮ ಸಾರ, ಬರೀ ದ್ರಾವಕ, ಮತ್ತು ಆ ಅಂಶ ಇದ್ದೇ ಇದೆ ಎಂದು ಗೊತ್ತಿರುವ ಮಾದರಿ. ಮೇಯರ್ ದ್ರಾವಣದಲ್ಲಿ ಪಾದರಸವಿದೆ, ಸಿಂಕಿಗೆ ಚೆಲ್ಲದೆ ಬೇರೆ ಬಾಟಲಿಯಲ್ಲಿ ಸಂಗ್ರಹಿಸಿ.

ಎಷ್ಟಿದೆ ಎಂದು ತಿಳಿಯಲು ಫೋಲಿನ್-ಸಿಯೋಕಾಲ್ಟಿಯು ಪರೀಕ್ಷೆ ಇದೆ. ನೀಲಿಯಾದ ದ್ರಾವಣವನ್ನು 765 ನ್ಯಾನೋಮೀಟರಿನಲ್ಲಿ ಓದಿ ಗ್ಯಾಲಿಕ್ ಆಮ್ಲದ ಲೆಕ್ಕದಲ್ಲಿ ಫೀನಾಲ್ ಪ್ರಮಾಣ ಬರೆಯುತ್ತಾರೆ. ವಿಟಮಿನ್ ಸಿ ಕೂಡ ಇದೇ ನೀಲಿ ಕೊಡುತ್ತದೆ ಎಂಬುದು ನೆನಪಿರಲಿ. ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ಹೇಳುವುದು ಟಿಎಲ್‌ಸಿ, ಅಂದರೆ ತೆಳುಪದರ ವರ್ಣಲೇಖನ. ಸಿಲಿಕಾ ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟು ದ್ರಾವಕ ಏರಲು ಬಿಟ್ಟು, 254 ಮತ್ತು 366 ನ್ಯಾನೋಮೀಟರ್ ಅತಿನೇರಳೆ ಬೆಳಕಿನಲ್ಲಿ ನೋಡಿದರೆ, ಒಂದೇ ಎಂದುಕೊಂಡಿದ್ದ ಸಾರ ಹತ್ತಾರು ಪಟ್ಟಿಗಳಾಗಿ ಬಿಡಿಸಿಕೊಳ್ಳುತ್ತದೆ. ಗಿಡದ ಬೆರಳಚ್ಚೇ ಅದು.

ದೊಡ್ಡ ಪ್ರಯೋಗಾಲಯಕ್ಕೆ ಜಿಸಿ-ಎಂಎಸ್‌ಗೆ (ಅಂಶಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಕಳಿಸಿದರೆ ಕಂಪ್ಯೂಟರ್ ಮೂವತ್ತು ನಲವತ್ತು ಹೆಸರುಗಳ ಪಟ್ಟಿ ಕೊಡುತ್ತದೆ. ಓದಿ ಹಿಗ್ಗಬೇಡಿ. ಅವೆಲ್ಲ ಹೋಲಿಕೆಯಿಂದ ಊಹಿಸಿದ ಹೆಸರುಗಳು. ಶುದ್ಧ ಮಾದರಿಯ ಜೊತೆ ತಾಳೆ ನೋಡಿದ ಮೇಲಷ್ಟೇ ಖಚಿತ. ಪಟ್ಟಿಯಲ್ಲಿ ಪ್ಲಾಸ್ಟಿಕ್ ಮೆದುವಾಗಿಸುವ ಥ್ಯಾಲೇಟ್ ಇದ್ದರೆ ಅದು ಬಹುಮಟ್ಟಿಗೆ ನೀವು ಬಳಸಿದ ಪ್ಲಾಸ್ಟಿಕ್ ಬಾಟಲಿಯದ್ದು. ಎಲೆ ಇಲ್ಲದ ಫ್ಲಾಸ್ಕಿನ ತಳ ಎತ್ತಿಡಿ ಎಂದದ್ದು ಇದಕ್ಕೇ. ಅದನ್ನೂ ಜೊತೆಗೆ ಕಳಿಸಿ.

ಬ್ಯಾಕ್ಟೀರಿಯಾದ ಎದುರು

ನಾನು ಆರಂಭದಲ್ಲಿ ಹೇಳಿದ, ಅಗರ್ ಎಂಬ ಲೋಳೆಯಲ್ಲಿ ಗುಂಡಿ ಕೊರೆದು ಮಾಡುವ ಪರೀಕ್ಷೆ ಕಣ್ಣಿಗೆ ಚೆಂದ, ಲೆಕ್ಕಕ್ಕೆ ಒರಟು. ಎಣ್ಣೆಯಂಥ ಅಂಶಗಳು ಅಗರಿನಲ್ಲಿ ಹರಡುವುದೇ ಇಲ್ಲ, ಆದ್ದರಿಂದ ವೃತ್ತ ಸಣ್ಣದಿದ್ದರೆ ಶಕ್ತಿ ಕಡಿಮೆ ಎನ್ನುವಂತಿಲ್ಲ. ಮೊದಲ ಜರಡಿಯಾಗಿ ಬಳಸಿ, ಆಮೇಲೆ 96 ಗುಂಡಿಗಳ ತಟ್ಟೆಗೆ ಹೋಗಿ. ಸಾರವನ್ನು ಸಾಲಿನುದ್ದಕ್ಕೂ ಅರ್ಧರ್ಧ ತೆಳು ಮಾಡುತ್ತಾ, ಪ್ರತಿ ಗುಂಡಿಗೂ ಅಷ್ಟೇ ಬ್ಯಾಕ್ಟೀರಿಯಾ ಹಾಕಿ, ರಾತ್ರಿ ಬೆಚ್ಚಗಿಟ್ಟು, ಬೆಳಗ್ಗೆ ರೆಸಾಜುರಿನ್ ಎಂಬ ನೀಲಿ ಬಣ್ಣ ಹನಿಸಿ. ಜೀವ ಇದ್ದಲ್ಲಿ ನೀಲಿ ಹೋಗಿ ಗುಲಾಬಿಯಾಗುತ್ತದೆ. ನೀಲಿಯಾಗಿಯೇ ಉಳಿದ ಅತಿ ತೆಳು ಗುಂಡಿಯೇ ನಿಮ್ಮ ಕನಿಷ್ಠ ತಡೆ ಪ್ರಮಾಣ. ಕಚ್ಚಾ ಸಾರಕ್ಕೆ ಇದು ಮಿ.ಲೀ.ಗೆ 100 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಮುಂದುವರಿಯಲು ಯೋಗ್ಯ. 1000 ದಾಟಿದರೆ ಆ ಗಿಡವನ್ನು ಅದರ ಪಾಡಿಗೆ ಬಿಡುವುದೇ ಲೇಸು. ಕೆಲಸ ಮುಗಿದ ತಟ್ಟೆಗಳನ್ನು ಆಟೋಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ಬೇಯಿಸದೆ) ಎಸೆಯಬಾರದು.

ಟ್ಯಾನಿನ್ ತುಂಬಿದ ಸಾರ ಪ್ರತಿ ಪರೀಕ್ಷೆಯಲ್ಲೂ ಗೆಲ್ಲುತ್ತದೆ, ಏಕೆಂದರೆ ಅದು ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಎಲ್ಲದಕ್ಕೂ ರಾಮಬಾಣ ಎನಿಸಿದ ಸಾರದ ಮೇಲೆ ಮೊದಲು ಅನುಮಾನ ಪಡಿ.

ನಂಜಿನ ಲೆಕ್ಕ

ಬ್ಯಾಕ್ಟೀರಿಯಾ ಕೊಂದ ಸಾರ ನಮ್ಮ ಕೋಶಗಳನ್ನು ಬಿಟ್ಟೀತೇ? ಇದಕ್ಕೆ ಸುಲಭದ ಮೊದಲ ಪರೀಕ್ಷೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟಾಣಿ ಜೀವಿಯದ್ದು. ಒಣ ಮೊಟ್ಟೆಗಳನ್ನು ಕೃತಕ ಸಮುದ್ರದ ನೀರಿನಲ್ಲಿ ಹಾಕಿ ದೀಪ ಹಚ್ಚಿಟ್ಟರೆ ಎರಡು ದಿನದೊಳಗೆ ಮರಿಗಳು ಒಡೆದು ಬೆಳಕಿನತ್ತ ಈಜುತ್ತವೆ. ಒಂದೊಂದು ಸೀಸೆಗೆ 10 ಮರಿ, 5 ಮಿ.ಲೀ. ನೀರು. ಮಿ.ಲೀ.ಗೆ 100 ಮಿಲಿಗ್ರಾಂನಂತೆ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ ಸಾರವನ್ನು 50 ಮೈಕ್ರೋಲೀಟರ್ ಹಾಕಿದರೆ ಸೀಸೆಯಲ್ಲಿ ಮಿ.ಲೀ.ಗೆ 1000 ಮೈಕ್ರೋಗ್ರಾಂ ಆಗುತ್ತದೆ. ಆ ಸಾರವನ್ನೇ ಡಿಎಂಎಸ್‌ಒದಲ್ಲಿ ಹತ್ತು ಪಟ್ಟು, ನೂರು ಪಟ್ಟು ತೆಳು ಮಾಡಿ ಅಷ್ಟಷ್ಟೇ ಹಾಕಿದರೆ 100, 10. ಹೀಗೆ ಮಾಡಿದರೆ ಎಲ್ಲ ಸೀಸೆಗಳಲ್ಲೂ ಡಿಎಂಎಸ್‌ಒ ಶೇ 1 ಮಾತ್ರ. ಒಂದೊಂದು ಪ್ರಮಾಣಕ್ಕೂ ಮೂರು ಸೀಸೆ, ಬರೀ ಡಿಎಂಎಸ್‌ಒಗೆ ಮೂರು, ಗೊತ್ತಿರುವ ವಿಷವಾದ ಪೊಟ್ಯಾಸಿಯಂ ಡೈಕ್ರೋಮೇಟಿಗೆ ಮೂರು.

24 ಗಂಟೆಯ ಮೇಲೆ ಭೂತಗನ್ನಡಿಯಲ್ಲಿ ಸತ್ತವನ್ನು ಎಣಿಸಿ. ಬರೀ ಡಿಎಂಎಸ್‌ಒ ಸೀಸೆಗಳಲ್ಲಿ 30ಕ್ಕೆ 3 ಸತ್ತಿವೆ, ಸಾರದಲ್ಲಿ 30ಕ್ಕೆ 21 ಎಂದುಕೊಳ್ಳಿ. ಸಾವು ಶೇ 70 ಎಂದು ಬರೆಯುವಂತಿಲ್ಲ. 70ರಿಂದ 10 ಕಳೆದು, 90ರಿಂದ ಭಾಗಿಸಿ, 100ರಿಂದ ಗುಣಿಸಬೇಕು: ಸುಮಾರು 67. ಆಬಟ್ 1925ರಲ್ಲಿ ಕೊಟ್ಟ ಸೂತ್ರ ಇದು. ಎಲೆ ಇಲ್ಲದ ಸೀಸೆಯಲ್ಲಿ ಸಾವು ಶೇ 10 ಮೀರಿದರೆ ಇಡೀ ಪ್ರಯೋಗ ಮತ್ತೆ ಮಾಡಿ. ಅರ್ಧದಷ್ಟು ಮರಿಗಳನ್ನು ಕೊಲ್ಲುವ ಪ್ರಮಾಣ ಮಿ.ಲೀ.ಗೆ 1000 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾರದಲ್ಲಿ ನಂಜಿದೆ ಎಂದು ಲೆಕ್ಕ.

ಮುಂದಿನದು ಕೋಶ ಸಾಕುವ ಸೌಲಭ್ಯ ಇದ್ದಲ್ಲಿ ಮಾಡುವ ಎಂಟಿಟಿ ಪರೀಕ್ಷೆ. ಎಂಟಿಟಿ ಎಂಬ ಹಳದಿ ಬಣ್ಣವನ್ನು ಬದುಕಿರುವ ಕೋಶ ನೇರಳೆಯಾಗಿಸುತ್ತದೆ. ತೊಡಕೆಂದರೆ, ಕೆಲವು ಎಲೆಸಾರಗಳು ಕೋಶವೇ ಇಲ್ಲದಿದ್ದರೂ ಅದನ್ನು ನೇರಳೆಯಾಗಿಸಿ, ಸತ್ತ ಕೋಶಗಳೆಲ್ಲ ಬದುಕಿವೆ ಎಂಬ ಭ್ರಮೆ ಹುಟ್ಟಿಸುತ್ತವೆ. ಹಾಗಾಗಿ ಸಾರ ಇದ್ದು ಕೋಶ ಇಲ್ಲದ ಗುಂಡಿ ಇಲ್ಲೂ ಬೇಕು. ಅರ್ಧ ಕೋಶಗಳನ್ನು ಕೊಲ್ಲುವ ಪ್ರಮಾಣವನ್ನು ಬ್ಯಾಕ್ಟೀರಿಯಾ ತಡೆದ ಪ್ರಮಾಣದಿಂದ ಭಾಗಿಸಿ. ಉತ್ತರ 10ಕ್ಕಿಂತ ಹೆಚ್ಚಿದ್ದರೆ ಸಾರಕ್ಕೆ ಶತ್ರು ಯಾರು, ಮಿತ್ರ ಯಾರು ಎಂಬ ವಿವೇಕ ಇದೆ ಎನ್ನಬಹುದು. 1ರ ಹತ್ತಿರ ಇದ್ದರೆ ಅದು ಸುಮ್ಮನೆ ವಿಷ.

ಆದರೆ ನಂಜು ಕಂಡ ಮಾತ್ರಕ್ಕೆ ಬಾಟಲಿ ಎಸೆಯಬೇಡಿ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ನಿತ್ಯಪುಷ್ಪದ ಎಲೆಸಾರವನ್ನು ಮಧುಮೇಹಕ್ಕೆಂದು ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ. ಬಿಳಿ ರಕ್ತಕಣಗಳು ಕುಸಿದು, ಸೋಂಕು ತಗುಲಿ ಇಲಿಗಳು ಸತ್ತವು. ಬಿಳಿಕಣ ಕುಸಿಯುವುದೇ ಬೇಕಾದ ರೋಗವೂ ಇದೆಯಲ್ಲ! ಆ ಎಲೆಯಿಂದ ಬಂದ ವಿನ್‌ಬ್ಲಾಸ್ಟಿನ್ ಇವತ್ತಿಗೂ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ.

ಪ್ರಾಣಿಗಳ ಮೇಲಿನ ಪರೀಕ್ಷೆ ನೈತಿಕ ಸಮಿತಿಯ ಲಿಖಿತ ಒಪ್ಪಿಗೆ ಮತ್ತು ತರಬೇತಿ ಇಲ್ಲದೆ ಮಾಡುವಂತಿಲ್ಲ. ಹಲವು ದೇಶಗಳ ಸಂಘಟನೆಯಾದ ಒಇಸಿಡಿಯ 423ನೇ ಮಾರ್ಗಸೂಚಿಯಂತೆ ಒಂದು ಹಂತಕ್ಕೆ ಮೂರೇ ಪ್ರಾಣಿ, ಕೆ.ಜಿ. ತೂಕಕ್ಕೆ 5, 50, 300, 2000 ಮಿಲಿಗ್ರಾಂ ಎಂಬ ನಿಗದಿತ ಮೆಟ್ಟಿಲುಗಳು, 14 ದಿನದ ನಿಗಾ. ಇದರಲ್ಲಿ ಪಾಸಾದರೂ ‘ಸುರಕ್ಷಿತ’ ಎಂಬ ಪದ ಬರೆಯಬೇಡಿ. ಕಾಂಫ್ರಿ ಎಂಬ ಗಿಡದ ಎಲೆಯಲ್ಲಿರುವ ಪಿರೋಲಿಜಿಡಿನ್ ಆಲ್ಕಲಾಯ್ಡ್‌ಗಳು ಯಕೃತ್ತನ್ನು ನಿಧಾನವಾಗಿ, ತಿಂಗಳುಗಟ್ಟಲೆ ಸೇವಿಸಿದ ಮೇಲೆ ಹಾಳು ಮಾಡುತ್ತವೆ. ಬ್ರಸೆಲ್ಸ್‌ನ ಮಾತ್ರೆಯೂ ಮೊದಲ ದಿನ ಯಾರಿಗೂ ಏನೂ ಮಾಡಿರಲಿಲ್ಲ.

ವರದಿಯಲ್ಲಿ ‘ಈ ಗಿಡ ಸೋಂಕು ಗುಣಪಡಿಸುತ್ತದೆ’ ಎಂದು ಬರೆಯುವ ಕೈ ತಡೆಯಿರಿ. ‘ಇಂಥ ತಿಂಗಳಲ್ಲಿ, ಇಂಥಲ್ಲಿ ಕಿತ್ತ ಎಲೆಯ ಮೆಥನಾಲ್ ಸಾರ, ಇಷ್ಟು ಪ್ರಮಾಣದಲ್ಲಿ, ಈ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಿತು, ಇಷ್ಟು ಪ್ರಮಾಣದಲ್ಲಿ ಆರ್ಟೀಮಿಯಾ ಮರಿಗಳಲ್ಲಿ ಅರ್ಧ ಸತ್ತವು’ ಎಂದಿದ್ದರೆ ಸಾಕು. ಹರ್ಬೇರಿಯಂ ಹಾಳೆಯ ಸಂಖ್ಯೆಯನ್ನೂ ಎಲೆ ಇಲ್ಲದ ಗುಂಡಿಯ ಅಳತೆಯನ್ನೂ ಪಕ್ಕದಲ್ಲೇ ಬರೆಯಿರಿ. ಮುಂದಿನ ಋತುವಿನಲ್ಲಿ ಅದೇ ಗಿಡಗಳಿಂದ ಮತ್ತೆ ಎಲೆ ಕಿತ್ತು ಎಲ್ಲವನ್ನೂ ಇನ್ನೊಮ್ಮೆ ಮಾಡಿ, ಎರಡೂ ಟಿಎಲ್‌ಸಿ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಪಟ್ಟಿಗಳು ಹೊಂದದಿದ್ದರೆ ಒಣ ಪುಡಿಯ ಡಬ್ಬಿಯಿಂದ ಕಾರಣ ಹುಡುಕಲು ಶುರು ಮಾಡಿ.