ಕೊಡಗಿನ ದಾರಿಗಳೇ ನನ್ನ ಉದ್ಯೋಗವಾದದ್ದು

ವಿರಾಜಪೇಟೆಯ ಕಾಫಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾಗ, ವಾರದ ರಜೆ ಬಂತೆಂದರೆ ಬೆಳಗಿನ ಮೊದಲ ಬಸ್ಸು ಹತ್ತಿ ಭಾಗಮಂಡಲಕ್ಕೋ, ಇರ್ಪು ಜಲಪಾತಕ್ಕೋ, ಸೋಮವಾರಪೇಟೆ ಕಡೆಯ ಮಲ್ಲಳ್ಳಿಗೋ ಹೋಗಿಬರುವುದು ನನಗೆ ರೂಢಿಯಾಗಿತ್ತು. ಸಂಜೆ ಮನೆಗೆ ಬಂದು, ಮಂಡಿಯ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಕಂಡದ್ದನ್ನು ಬರೆದಿಡುತ್ತಿದ್ದೆ. ಆ ಬರಹಗಳನ್ನು 2016ರಲ್ಲಿ ಒಂದು ಬ್ಲಾಗಿಗೆ ಏರಿಸಲು ಆರಂಭಿಸಿದೆ. ಈಗ ನನ್ನ ಮನೆ ನಡೆಯುವುದು ಬರವಣಿಗೆಯಿಂದಲೇ. ಇದು ಹೇಗೆ ಸಾಧ್ಯವಾಯಿತೆಂದು ನಮ್ಮೂರಿನ ಕೆಲವು ಹುಡುಗಿಯರು ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷದ ನನ್ನ ಬರಹಗಳನ್ನು ಇಂದು ಓದಿದರೆ ಅವುಗಳಲ್ಲಿ ಊರೇ ಕಾಣುವುದಿಲ್ಲ. ದಕ್ಷಿಣದ ಕಾಶ್ಮೀರ, ಮಂಜಿನ ನಗರಿ, ಪ್ರಕೃತಿಯ ಮಡಿಲು ಎಂಬಂಥ ಮಾತುಗಳೇ ಸಾಲುಸಾಲಾಗಿ ತುಂಬಿವೆ. ಮಡಿಕೇರಿಯ ಬಗ್ಗೆ ಬರೆದದ್ದನ್ನು ಹೆಸರು ಬದಲಿಸಿ ಯಾವ ಗಿರಿಧಾಮಕ್ಕಾದರೂ ಅಂಟಿಸಬಹುದಿತ್ತು. ನನ್ನ ಕಣ್ಣು ತೆರೆಸಿದ್ದು ನಾಲ್ಕುನಾಡು ಅರಮನೆಯ ಕುರಿತ ಲೇಖನ. ಕಕ್ಕಬ್ಬೆಯ ಸಮೀಪ, ಕೊಡಗಿನ ಅತಿ ಎತ್ತರದ ಶಿಖರವಾದ 1748 ಮೀಟರಿನ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಆ ಅರಮನೆಯ ಮರದ ಕಂಬಗಳನ್ನೂ ಬಣ್ಣದ ಚಿತ್ರಗಳನ್ನೂ ನಾನು ಮನಸಾರೆ ವರ್ಣಿಸಿದ್ದೆ. ಅದನ್ನು ಓದಿದ ಹಾಸನದ ಶಿಕ್ಷಕಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಒಬ್ಬಳೇ ಬರುತ್ತೇನೆ, ಕಾರಿಲ್ಲ. ಬಸ್ಸಿನಿಂದ ಎಲ್ಲಿ ಇಳಿಯಬೇಕು, ಎಷ್ಟು ನಡೆಯಬೇಕು, ಹಿಂದಿರುಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ?"

ನಾನೂ ಒಬ್ಬಳೇ ಓಡಾಡುವವಳು. ಕೊನೆಯ ಬಸ್ಸು ತಪ್ಪಿದರೆ ಏನಾಗುತ್ತದೆಂಬ ಚಿಂತೆ ನನಗೆ ಚೆನ್ನಾಗಿ ಗೊತ್ತಿದ್ದರೂ ಅದನ್ನು ಬರೆಯಬೇಕೆಂದು ಹೊಳೆದಿರಲಿಲ್ಲ. ಮುಂದಿನ ರಜೆಯಲ್ಲಿ ಮತ್ತೆ ಹೋದೆ. ಕೈಕಂಬದಲ್ಲಿ ಇಳಿದು ಗಡಿಯಾರ ನೋಡಿಕೊಂಡು ನಡೆದೆ, ಹಿಂದಿರುಗುವ ಬಸ್ಸುಗಳ ಸಮಯವನ್ನು ಕಂಡಕ್ಟರರಿಂದಲೂ ಅಲ್ಲಿನ ಅಂಗಡಿಯವರಿಂದಲೂ ಕೇಳಿ ತಾಳೆ ನೋಡಿದೆ, ಬೆಟ್ಟ ಹತ್ತುವವರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ಸೇರಿಸಿದೆ, ನಾನು ಹೋಗಿಬಂದ ದಿನಾಂಕವನ್ನು ಲೇಖನದ ತಲೆಯಲ್ಲೇ ಹಾಕಿದೆ. ಅದುವರೆಗಿನ ನನ್ನ ಎಲ್ಲ ಬರಹಗಳನ್ನು ಸೇರಿಸಿದರೂ ಈ ಲೇಖನಕ್ಕೆ ಬಂದಷ್ಟು ಓದುಗರು ಇರಲಿಲ್ಲ. ಅಂದಿನಿಂದ, ಕಣ್ಣಾರೆ ನೋಡಿದ ದಿನಾಂಕವಿಲ್ಲದೆ ಒಂದು ಲೇಖನವನ್ನೂ ಪ್ರಕಟಿಸಿಲ್ಲ. ಕೊಡಗಿನಲ್ಲಿ ರೈಲಿಲ್ಲ, ಮಳೆಗಾಲದಲ್ಲಿ ಇಂದು ಇದ್ದ ರಸ್ತೆ ನಾಳೆ ಇರುತ್ತದೆಂಬ ಭರವಸೆಯಿಲ್ಲ. ಇಂಥ ಊರಿನ ಬಗ್ಗೆ ದಿನಾಂಕವಿಲ್ಲದ ಮಾಹಿತಿ ಓದುಗರನ್ನು ದಾರಿ ತಪ್ಪಿಸುತ್ತದೆ.

ಈ ಅಭ್ಯಾಸದ ಬೆಲೆ ತಿಳಿದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಜನ ಮನೆ ಮಠ ಕಳೆದುಕೊಂಡರು, ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಕಡಿದುಹೋಯಿತು. ಪ್ರವಾಸದ ಬಗ್ಗೆ ಬರೆಯುವ ಮನಸ್ಸೂ ಇರಲಿಲ್ಲ, ಅರ್ಥವೂ ಇರಲಿಲ್ಲ. ಆದರೆ ಬೆಂಗಳೂರು, ಮೈಸೂರುಗಳಲ್ಲಿದ್ದ ಕೊಡಗಿನವರು, ಊರಿನಲ್ಲಿರುವ ತಂದೆತಾಯಿಯ ಬಳಿಗೆ ಯಾವ ದಾರಿಯಿಂದ ತಲುಪಬಹುದೆಂದು ನನ್ನನ್ನು ಕೇಳತೊಡಗಿದರು. ಯಾವ ರಸ್ತೆ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಆಯಾ ಊರಿನ ಪರಿಚಯದವರಿಂದ ಕೇಳಿ, ಖಚಿತವಾದದ್ದನ್ನು ಮಾತ್ರ, ಕೇಳಿದ ಗಂಟೆಯನ್ನು ನಮೂದಿಸಿ ದಿನಕ್ಕೆ ಎರಡು ಬಾರಿ ಹಾಕುತ್ತಿದ್ದೆ. ಕುಸಿದ ಮನೆಗಳ ಚಿತ್ರ ತೆಗೆಯಲು ಹೋಗಲಿಲ್ಲ. ಆ ತಿಂಗಳುಗಳಲ್ಲಿ ಬರವಣಿಗೆಯಿಂದ ಒಂದು ರೂಪಾಯಿಯೂ ಬರಲಿಲ್ಲವಾದರೂ, ಇಂದಿಗೂ ನನ್ನನ್ನು ಬಿಡದೆ ಓದುವವರಲ್ಲಿ ಅನೇಕರು ಆಗ ಬಂದವರೇ ಎಂಬುದನ್ನು ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ.

ಹಣದ ವಿಷಯವನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಈ ದಾರಿಗೆ ಬರುವವರು ಮೊದಲು ತಪ್ಪು ತಿಳಿಯುವುದು ಅಲ್ಲಿಯೇ. ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ಬರೆದವರಿಗೆ ಅದರ ಹಣದ ಪಾಲು ಕೊಡುವ ಗೂಗಲ್ ಆ್ಯಡ್‌ಸೆನ್ಸ್ ಹಿಂದಿ ಪುಟಗಳಿಗೆ 2014ರಲ್ಲೇ ದೊರೆತರೂ ಕನ್ನಡಕ್ಕೆ ಆ ಸೌಲಭ್ಯ ಬರಲು ಹಲವು ವರ್ಷ ಕಾಯಬೇಕಾಯಿತು. ಬಂದ ಮೇಲೂ, ಖಾತೆಯಲ್ಲಿ 10 ಡಾಲರ್ ಸೇರಿದಾಗ ವಿಳಾಸ ಖಚಿತಪಡಿಸಲು ಅವರು ಅಂಚೆಯಲ್ಲಿ ಒಂದು ಗುಪ್ತಸಂಖ್ಯೆ ಕಳುಹಿಸುತ್ತಾರೆ. 100 ಡಾಲರ್ ತುಂಬಿದ ಮೇಲಷ್ಟೇ ಹಣ ಬ್ಯಾಂಕಿಗೆ ಬರುತ್ತದೆ. ನನ್ನ ಮೊದಲ ಪತ್ರ ಜುಲೈ ಮಳೆಯಲ್ಲಿ ಎಲ್ಲಿ ಹೋಯಿತೋ, ಬರಲೇ ಇಲ್ಲ. ಮತ್ತೊಂದನ್ನು ಕೇಳಿ ತರಿಸಿಕೊಂಡೆ. ಮೊದಲ ಪಾವತಿ ಕೈಗೆ ಬರಲು ವರ್ಷ ದಾಟಿತು. ಜಾಹೀರಾತಿನಿಂದ ಬರುವುದು ಇಂದಿಗೂ ನನ್ನ ಆದಾಯದ ಸಣ್ಣ ಪಾಲು. ಹೆಚ್ಚಿನದು ಬರುವುದು ಬ್ಲಾಗನ್ನು ಓದಿ ನನ್ನನ್ನು ನಂಬಿದವರು ಕೊಡುವ ಕೆಲಸದಿಂದ: ಹೋಂಸ್ಟೇಗಳಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪರಿಚಯ ಬರೆದುಕೊಡುವುದು, ಪತ್ರಿಕೆಗಳ ಪುರವಣಿಗೆ ಲೇಖನ, ಸಣ್ಣ ಗುಂಪುಗಳನ್ನು ತೋಟದ ದಾರಿಗಳಲ್ಲಿ ನಡೆಸಿಕೊಂಡು ಹೋಗುವುದು.

ಮಂಡಿಯ ಕೆಲಸ ಬಿಡಲು ನಾನು ಆತುರಪಡಲಿಲ್ಲ. ಅಕ್ಟೋಬರಿನ ತುಲಾಸಂಕ್ರಮಣದಿಂದ ಸುಗ್ಗಿ ಹಬ್ಬವಾದ ಪುತ್ತರಿ, ಕ್ರಿಸ್‌ಮಸ್ ರಜೆಯವರೆಗೆ ಕೊಡಗಿಗೆ ಜನ ತುಂಬಿಬರುತ್ತಾರೆ, ಆಗ ಬರುವ ಹಣ ನೋಡಿ ಕೆಲಸ ಬಿಟ್ಟವರು ಜೂನ್ ಕಳೆಯುವಷ್ಟರಲ್ಲಿ ಕಂಗಾಲಾಗುತ್ತಾರೆ. ನಾನು ಮಳೆಗಾಲದ ನಾಲ್ಕು ತಿಂಗಳ ಗಳಿಕೆಯನ್ನೇ ಅಳತೆಯಾಗಿಟ್ಟುಕೊಂಡು, ಅದು ಮನೆಯ ಖರ್ಚಿಗೆ ಸಾಲುವಂತಾದ ಮೇಲೆಯೇ ರಾಜೀನಾಮೆ ಕೊಟ್ಟೆ. ಆರು ವರ್ಷ ಹಿಡಿಯಿತು.

ಉಚಿತ ವಾಸ್ತವ್ಯದ ಬಗ್ಗೆಯೂ ಒಂದು ಮಾತು. ಒಬ್ಬ ಹೋಂಸ್ಟೇ ಮಾಲೀಕರು ಎರಡು ರಾತ್ರಿ ಉಳಿಸಿಕೊಂಡು ಆದರದಿಂದ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು ಬಡಿಸಿದರು. ನಂತರ, ಕೊನೆಯ ಮೂರು ಕಿಲೋಮೀಟರ್ ಜೀಪಿಗಲ್ಲದೆ ಬೇರೆ ವಾಹನಕ್ಕೆ ಆಗದು ಎಂಬ ನನ್ನ ಸಾಲನ್ನು ತೆಗೆಯಬೇಕೆಂದರು. ವಯಸ್ಸಾದವರನ್ನು ಕರೆದುಕೊಂಡು ಸಣ್ಣ ಕಾರಿನಲ್ಲಿ ಬರುವ ಕುಟುಂಬ ಆ ಇಳಿಜಾರಿನಲ್ಲಿ ಸಿಕ್ಕಿಬೀಳುವುದನ್ನು ನೆನೆದರೆ ನನಗೆ ಒಪ್ಪಲಾಗಲಿಲ್ಲ. ಇಡೀ ಲೇಖನವನ್ನೇ ಪ್ರಕಟಿಸದೆ ಬಿಟ್ಟು ಕೋಣೆಯ ಬಾಡಿಗೆಯನ್ನು ಕಳುಹಿಸಿಕೊಟ್ಟೆ. ಅಂದಿನಿಂದ ವಿಮರ್ಶೆ ಬರೆಯುವ ಕಡೆ ಸ್ವಂತ ಹಣ ಕೊಟ್ಟು ಉಳಿಯುತ್ತೇನೆ. ಹಣ ಪಡೆದು ಬರೆದದ್ದಾದರೆ ಮೊದಲ ಸಾಲಿನಲ್ಲೇ ಹಾಗೆಂದು ಹೇಳುತ್ತೇನೆ.

ಬರೆಯದೆ ಬಿಡುವುದೂ ಇದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಚಪ್ಪಲಿ ಬಿಟ್ಟು, ಸದ್ದು ಮಾಡದೆ, ಊರಿನವರು ಹಬ್ಬದಲ್ಲಿ ಮಾತ್ರ ಪ್ರವೇಶಿಸುವ ಕಾಡುಗಳು ಅವು. ಅವುಗಳಿಗೆ ದಾರಿ ತೋರಿಸುವ ಲೇಖನಕ್ಕೆ ಓದುಗರು ಬಹಳ ಸಿಗುತ್ತಾರೆಂದು ಗೊತ್ತಿದ್ದೂ ನಾನು ಬರೆದಿಲ್ಲ, ಬರೆಯುವುದೂ ಇಲ್ಲ.

ನನಗೆ ಅತ್ಯಂತ ಪ್ರಿಯವಾದ ಕೆಲಸ ಕಾಫಿ ಹೂವಿನದು. ಫೆಬ್ರವರಿ, ಮಾರ್ಚ್‌ನಲ್ಲಿ ಮೊಗ್ಗು ಅರಳಿಸುವ ಹೂಮಳೆ ಬಿದ್ದ ಎಂಟು ಹತ್ತು ದಿನಗಳ ನಂತರ ರೊಬಸ್ಟಾ ಕಾಫಿಯ ತೋಟ ಬಿಳಿಯಾಗುತ್ತದೆ, ಅರಳಿದ ಮೂರು ನಾಲ್ಕು ದಿನಗಳಲ್ಲಿ ಹೂ ಬಾಡುತ್ತದೆ. ಯಾವಾಗ ಬರಲಿ ಎಂದು ಜನವರಿಯಲ್ಲೇ ಕೇಳುವವರಿಗೆ ಕ್ಯಾಲೆಂಡರ್ ನೋಡಿ ಉತ್ತರಿಸಲಾಗದು. ನಮ್ಮ ತೋಟದ ಅಂಚಿನಲ್ಲಿ ಒಂದು ಮಳೆಮಾಪಕವಿದೆ. ಇಲ್ಲಿನ ಬೆಳೆಗಾರರು ಈಗಲೂ ಮಳೆಯನ್ನು ಇಂಚು, ಸೆಂಟಿನಲ್ಲೇ ಅಳೆಯುತ್ತಾರೆ; ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್. ಮಳೆ ಬಿದ್ದ ಮರುದಿನ ಸಿದ್ದಾಪುರ, ಪೊನ್ನಂಪೇಟೆ, ಸುಂಟಿಕೊಪ್ಪದ ಕಡೆಯ ಪರಿಚಿತ ಬೆಳೆಗಾರರಿಗೆ ಫೋನ್ ಮಾಡಿ, "ನಿಮ್ಮಲ್ಲಿ ಎಷ್ಟು ಬಂತು?" ಎಂದು ಕೇಳುತ್ತೇನೆ. "ಒಂದು ಇಂಚು ಇಪ್ಪತ್ತು ಸೆಂಟ್" ಎಂದರೆ ಹೂ ಚೆನ್ನಾಗಿ ಅರಳುತ್ತದೆ. ಹತ್ತು ಸೆಂಟಿನ ಹನಿ ಮಳೆಯಾಗಿದ್ದರೆ ಮೊಗ್ಗು ಅರ್ಧಕ್ಕೇ ನಿಲ್ಲುತ್ತದೆಂದು ಅವರ ದನಿಯಲ್ಲೇ ಗೊತ್ತಾಗುತ್ತದೆ. ಪಕ್ಕದ ಊರುಗಳಲ್ಲೇ ಬೇರೆ ಬೇರೆ ಲೆಕ್ಕ ಬರುವುದರಿಂದ ಒಂದೊಂದು ಊರನ್ನೂ ಬೇರೆಯಾಗಿಯೇ ಬರೆಯುತ್ತೇನೆ.

ಮಳೆ ಬಿದ್ದ ಎಂಟನೆಯ ದಿನದಿಂದ ಪ್ರತಿ ಬೆಳಿಗ್ಗೆ ಬೆಳಕು ಹರಿಯುವ ಮೊದಲು ತೋಟಕ್ಕೆ ಇಳಿಯುತ್ತೇನೆ. ಕತ್ತಲಲ್ಲಿ ಮೊದಲು ಮಲ್ಲಿಗೆಯಂಥ ಪರಿಮಳ, ಆಮೇಲೆ ಜೇನುಹುಳುಗಳ ಸದ್ದು, ಕೊನೆಗೆ ಕಣ್ಣಿಗೆ ಬಿಳುಪು. ಅಲ್ಲಿಯೇ ನಿಂತು, ದಿನಾಂಕ ಹಾಕಿ, ಇಂದು ಅರಳಿದೆ, ನಾಡಿದ್ದರೊಳಗೆ ಬನ್ನಿ, ಮಾಲೀಕರನ್ನು ಕೇಳದೆ ಬೇಲಿ ದಾಟಬೇಡಿ ಎಂದು ಬರೆದು ಪ್ರಕಟಿಸಿ, ಕಾಫಿ ಕುಡಿಯಲು ಮನೆಗೆ ಹತ್ತುತ್ತೇನೆ.