ಕ್ವಾಟರ್ನಿಯನ್ ಗ್ರೂಪಿಗೆ ಫೀಲ್ಡ್ ಹುಡುಕಿದ್ದು

ಮಂಡ್ಯದ ಕಾಲೇಜೊಂದರಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಗ್ರೂಪ್ ರೆಪ್ರೆಸೆಂಟೇಶನ್ (ಗ್ರೂಪಿನ ಅಂಶಗಳನ್ನು ಗುಣಾಕಾರ ಕೆಡದಂತೆ ಮ್ಯಾಟ್ರಿಕ್ಸ್‌ಗಳಾಗಿ ಬರೆಯುವುದು) ಪಾಠ ಮಾಡುತ್ತೇನೆ. ಅವತ್ತು ಬೋರ್ಡಿನ ಮೇಲೆ ಎರಡು ಕ್ಯಾರೆಕ್ಟರ್ ಟೇಬಲ್ ಪಕ್ಕಪಕ್ಕ ಬರೆದಿದ್ದೆ. ಕ್ಯಾರೆಕ್ಟರ್ ಅಂದರೆ ಆ ಮ್ಯಾಟ್ರಿಕ್ಸ್‌ನ ಕರ್ಣದ ಮೊತ್ತ. ಒಂದು ಚೌಕದ 8 ಸಮ್ಮಿತಿಗಳ ಗ್ರೂಪಿನದು. ಇನ್ನೊಂದು ಕ್ವಾಟರ್ನಿಯನ್ ಗ್ರೂಪಿನದು, ಅದರಲ್ಲೂ 8 ಅಂಶಗಳು: ±1, ±ಐ, ±ಜೆ, ±ಕೆ; ಐ, ಜೆ, ಕೆ ಮೂರರ ವರ್ಗವೂ -1. ಟೇಬಲ್ ಎರಡೂ ಒಂದೇ, ಬರೀ ಪೂರ್ಣಾಂಕಗಳು.

ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಮೇಡಂ, ಚೌಕಕ್ಕೆ 0, 1, -1 ಇಟ್ಟೇ ಮ್ಯಾಟ್ರಿಕ್ಸ್ ಬರೆದ್ರಿ. ಇದಕ್ಕೆ ಮಾತ್ರ -1ರ ವರ್ಗಮೂಲ ಯಾಕೆ? ಟೇಬಲಲ್ಲಿ ಅದು ಇಲ್ವಲ್ಲ?"

ಫ್ರೊಬೆನಿಯಸ್ ಮತ್ತು ಶೂರ್ 1906ರಲ್ಲಿ ಕೊಟ್ಟ ಪರೀಕ್ಷೆ ಮಾಡಿ ತೋರಿಸಿದೆ. ಪ್ರತಿ ಅಂಶದ ವರ್ಗ ತೆಗೆದು, ಅಲ್ಲಿನ ಕ್ಯಾರೆಕ್ಟರ್ ಬೆಲೆಗಳನ್ನು ಕೂಡಿ, 8ರಿಂದ ಭಾಗಿಸಬೇಕು. ಒಡೆಯಲಾಗದ 2 ಆಯಾಮದ ರೆಪ್ರೆಸೆಂಟೇಶನ್ನಿಗೆ ಚೌಕದಲ್ಲಿ 1 ಬಂತು, ಕ್ವಾಟರ್ನಿಯನ್ನಿನಲ್ಲಿ -1. ಅಂದರೆ ವಾಸ್ತವ ಸಂಖ್ಯೆಗಳಲ್ಲೂ ಅದನ್ನು ಬರೆಯಲಾಗದು.

"ಹಾಗಾದ್ರೆ ಯಾವ ಫೀಲ್ಡ್ ಸಾಕು?"

ಫೀಲ್ಡ್ ಅಂದರೆ ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸಂಖ್ಯೆಗಳ ಕೂಟ. ಬ್ರಾಯರ್ ಪ್ರಮೇಯದ ಪ್ರಕಾರ ಇಲ್ಲಿ 1ರ ನಾಲ್ಕನೇ ಮೂಲಗಳು ಸಾಕು. ಆದರೆ ಅದು ಸಾಕು ಅಂದರೆ ಅದೇ ಬೇಕು ಅಂತಲ್ಲ ಅಲ್ವಾ? ಮೈಸೂರಿಗೆ ವಾಪಸ್ ಬರುವ ರೈಲಿನಲ್ಲಿ ನೋಟ್‌ಬುಕ್ ತೆಗೆದೆ.

ಮೊದಲು ಐ ಅನ್ನು ಕಟ್ಟಿಹಾಕಿದೆ: ಮೊದಲ ಸಾಲು 0, -1, ಎರಡನೇ ಸಾಲು 1, 0. ಆಧಾರ ಬದಲಿಸಿಕೊಂಡರೆ ಯಾವ ಫೀಲ್ಡಿನಲ್ಲೂ ಹೀಗೆ ಮಾಡಬಹುದು. ಜೆ ಅದರ ಜೊತೆ ಗುಣಿಸುವಾಗ ಕ್ರಮ ತಿರುಗಿಸಿದರೆ ಚಿಹ್ನೆ ಬದಲಾಗಬೇಕು. ಹಾಗಾಗಿ ಜೆಗೆ ಒಂದೇ ರೂಪ: ಮೊದಲ ಸಾಲು ಅ, ಬ, ಎರಡನೇ ಸಾಲು ಬ, -ಅ. ಜೆಯ ವರ್ಗ -1 ಆಗಬೇಕಾದರೆ ಅ² + ಬ² = -1. ಇಷ್ಟೇ! ಫೀಲ್ಡಿನಲ್ಲಿ -1 ಎರಡು ವರ್ಗಗಳ ಮೊತ್ತವಾದರೆ ಕೆಲಸ ಆಯಿತು, ಇಲ್ಲದಿದ್ದರೆ ಇಲ್ಲ. ವಾಸ್ತವ ಸಂಖ್ಯೆಗಳು ಯಾಕೆ ಸೋತವು ಅನ್ನುವುದು ಈಗ ಕಣ್ಣಿಗೇ ಕಾಣುತ್ತದೆ.

ಪಾಂಡವಪುರ ದಾಟುವಷ್ಟರಲ್ಲಿ ಭಾಗಲಬ್ಧ ಸಂಖ್ಯೆಗಳಿಗೆ √-2 ಸೇರಿಸಿದ ಫೀಲ್ಡ್ ಸಿಕ್ಕಿತು: 1 + (-2) = -1. ಇಲ್ಲಿ -1ರ ವರ್ಗಮೂಲ ಬೇಕೇ ಇಲ್ಲ. ತುಂಬಾ ಖುಷಿಯಾಯಿತು.

√-7 ಮಾತ್ರ ಬಗ್ಗಲಿಲ್ಲ. ರಾತ್ರಿ ಸುಮಾರು ಹೊತ್ತು ಸುಮ್ನೆ ಸಂಖ್ಯೆ ಹಾಕಿ ನೋಡಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಹೊಳೆಯಿತು. -7 ಅನ್ನು 8ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಅದರ ವರ್ಗಮೂಲ, ಅದರೊಂದಿಗೆ ಆ ಇಡೀ ಫೀಲ್ಡ್, 2-ಆಡಿಕ್ ಸಂಖ್ಯೆಗಳ (2ರ ಹೆಚ್ಚು ಘಾತದಿಂದ ಭಾಗವಾದಷ್ಟೂ ಚಿಕ್ಕದು ಅಂತ ಎಣಿಸುವ ಸಂಖ್ಯೆಗಳ) ಒಳಗೇ ಇದೆ. ಅಲ್ಲಿ -1 ಎರಡು ವರ್ಗಗಳ ಮೊತ್ತ ಆಗುವುದೇ ಇಲ್ಲ. -15, -23ಕ್ಕೂ ಇದೇ ಅಡ್ಡಿ. ಇದನ್ನು ಹುಡುಕಿ ಹುಡುಕಿ ಕಂಡುಕೊಳ್ಳುವುದು ಸಾಧ್ಯವಿರಲಿಲ್ಲ, ಯಾಕೆ ಸಿಗುವುದಿಲ್ಲ ಅಂತಲೇ ಕೇಳಬೇಕಿತ್ತು.

ಕ್ಲಾಸಿನಲ್ಲಿ ಇಷ್ಟನ್ನೂ ಹೇಳಿ, √-3 ಅನ್ನು ಮಕ್ಕಳಿಗೇ ಬಿಟ್ಟೆ. ಆ ಹುಡುಗಿ ಬೋರ್ಡಿಗೆ ಬಂದು 1ರ ಘನಮೂಲವನ್ನೂ ಅದರ ವರ್ಗವನ್ನೂ ಅ, ಬ ಜಾಗದಲ್ಲಿ ಇಟ್ಟಳು. ವರ್ಗ ಮಾಡಿ ಕೂಡಿದಳು. -1 ಬಂತು.