ಹೆಸರು ಮುಚ್ಚಿಟ್ಟು ವೈನ್ ಸವಿದದ್ದು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನನ್ನದು ಆರು ಎಕರೆ ದ್ರಾಕ್ಷಿ ಪಡ. ಅಲ್ಲಿ ಬೆಳೆಯುವುದೆಲ್ಲ ಥಾಮ್ಸನ್ ಸೀಡ್‌ಲೆಸ್. ಅದು ಶೆಡ್ಡಿನಲ್ಲಿ ಒಣಗಿ ಮಣೂಕವಾಗಿ ಮಾರುಕಟ್ಟೆಗೆ ಹೋಗುತ್ತದೆಯೇ ಹೊರತು ವೈನ್ ಆಗುವುದಿಲ್ಲ. ಇಪ್ಪತ್ತು ವರ್ಷ ಹಣ್ಣಿನ ಸಕ್ಕರೆ ಅಳೆಯುತ್ತ, ಗಂಧಕದ ಹೊಗೆ ಕುಡಿಯುತ್ತ ಬಂದವನಿಗೆ ದ್ರಾಕ್ಷಿಯ ವಿಷಯದಲ್ಲಿ ತನ್ನ ಮೂಗು, ನಾಲಿಗೆಗಳ ಮೇಲೆ ಸ್ವಲ್ಪ ಹೆಚ್ಚೇ ಭರವಸೆ ಇರುತ್ತದೆ. ಆ ಭರವಸೆಯಿಂದಲೇ ನಾನು ಗೆಳೆಯರನ್ನು ಊಟಕ್ಕೆ ಕರೆದು, ಬಾಟಲಿಯ ಹೆಸರು ಕಾಣದಂತೆ ವೈನ್ ಸವಿದು ಅಂಕ ಕೊಡುವ ಕೂಟವನ್ನು ಎರಡು ಬಾರಿ ನಡೆಸಿದೆ. ಮೊದಲನೆಯದು ಕೆಟ್ಟಿತು, ಎರಡನೆಯದರಲ್ಲಿ ಕೆಟ್ಟದ್ದು ನನ್ನ ಭರವಸೆ.

ಮೊದಲ ಸಲ ಏಪ್ರಿಲ್ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿಸಿದ ವಾರ ಎಲ್ಲರನ್ನೂ ಕರೆದಿದ್ದೆ. ಹೊರಗೆ ನಲವತ್ತು ಡಿಗ್ರಿ ಬಿಸಿಲು ಇಳಿದು ರಾತ್ರಿಯಾಗಿದ್ದರೂ ಪಡಸಾಲೆಯ ಗೋಡೆ ಕಾದೇ ಇತ್ತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂದು ಎಲ್ಲಿಯೋ ಓದಿದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ, ಅಲ್ಲಿನ ಕೋಣೆಯೆಂದರೆ 16ರಿಂದ 18 ಡಿಗ್ರಿ ಎಂಬುದು ಹೊಳೆಯಲಿಲ್ಲ. ಮೂವತ್ತು ದಾಟಿದ ವೈನಿನಲ್ಲಿ ಆಲ್ಕೋಹಾಲಿನ ಘಾಟು ಮೂಗಿಗೆ ರಾಚುತ್ತದೆ, ಹಣ್ಣಿನ ಕಂಪು ಅದರ ಹಿಂದೆ ಅಡಗಿಬಿಡುತ್ತದೆ. ಬಾಟಲಿಗಳಿಗೆ ರದ್ದಿ ಪೇಪರ್ ಸುತ್ತಿದ್ದೆನಾದರೂ ಅವುಗಳ ಹೆಗಲು ಕಾಣುತ್ತಿತ್ತು; ಒಂದರದು ಚೌಕಟ್ಟಾದ ಭುಜ, ಇನ್ನೊಂದರದು ಇಳಿಜಾರು. ಒಂದಕ್ಕೆ ಮಾತ್ರ ತಿರುಪಿನ ಮುಚ್ಚಳವಿರಲಿಲ್ಲ, ಬೆಂಡಿನ ಬಿರಡೆಯಿತ್ತು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಗೆಳೆಯರು ಅದನ್ನು ನೋಡಿಯೇ ‘ಇದು ದುಬಾರಿದು’ ಎಂದು ಘೋಷಿಸಿದರು, ಉಳಿದವರ ನಾಲಿಗೆಯೂ ಅಲ್ಲಿಗೆ ತೀರ್ಮಾನಕ್ಕೆ ಬಂದಿತು. ಇವೆಲ್ಲಕ್ಕಿಂತ ದೊಡ್ಡ ತಪ್ಪು ನನ್ನದೇ. ಬಾಟಲಿ ಸುತ್ತಿದವನೂ ಸುರಿದವನೂ ಅಂಕ ಕೊಟ್ಟವನೂ ನಾನೇ ಆಗಿದ್ದೆ. ನನಗೆ ಇಷ್ಟವಾದ ವೈನ್ ಸುರಿಯುವಾಗ ನನ್ನ ಮುಖ ನೋಡಿದವರಿಗೆ ಬೇರೆ ಸುಳಿವು ಬೇಕಿರಲಿಲ್ಲ.

ಹೀಗಾಗಿ ಎರಡನೆಯ ಸಲ ಸುರಿಯುವ ಕೆಲಸವನ್ನು ನಮ್ಮ ಮನೆಯವರಿಗೆ ವಹಿಸಿದೆ. ಅವರು ವೈನ್ ಮುಟ್ಟುವವರಲ್ಲ. ಸಿದ್ಧೇಶ್ವರ ಜಾತ್ರೆಯ ಗದ್ದಲ ಇಳಿದ ಮೇಲಿನ ಶನಿವಾರ, ಅವ್ವ ತಂಗಿಯ ಮನೆಗೆ ಹೋಗಿದ್ದ ಹೊತ್ತು ನೋಡಿ ದಿನ ಗೊತ್ತು ಮಾಡಿದೆವು. ನಮ್ಮಂಥ ಮನೆಗಳಲ್ಲಿ ಈ ಕೂಟಗಳಿಗೆ ಪಂಚಾಂಗಕ್ಕಿಂತ ಇಂಥ ಲೆಕ್ಕವೇ ಮುಖ್ಯ. ಕೂತವರು ಆರು ಜನ: ವೈದ್ಯರೊಬ್ಬರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು ಮತ್ತು ಅವರ ಪತ್ನಿ, ಬ್ಯಾಂಕಿನವರು, ಪಕ್ಕದ ಪಡದ ಗೌಡರು ಮತ್ತು ನಾನು. ಬಾಟಲಿಗಳೂ ಆರು. ನಾಸಿಕ ಸೀಮೆಯ ಬಿಳಿ ವೈನ್ ಎರಡು, ಒಂದು ಶೆನಿನ್ ಬ್ಲಾಂಕ್, ಇನ್ನೊಂದು ಸೊವಿನ್ಯೋ ಬ್ಲಾಂಕ್; ವೈನಿಗೆ ಅದರ ದ್ರಾಕ್ಷಿ ತಳಿಯದೇ ಹೆಸರು. ಕೆಂಪಿನಲ್ಲಿ ನಾಸಿಕದ ಶಿರಾಜ್, ಸೊಲ್ಲಾಪುರ ಜಿಲ್ಲೆಯ ಅಕ್ಲೂಜದ ಸಾಂಜೊವೇಸೆ, ನಂದಿ ಬೆಟ್ಟದ ಸೀಮೆಯ ಕ್ಯಾಬರ್ನೆ ಮತ್ತು ಶಿರಾಜ್ ಬೆರಕೆ. ಜೊತೆಗೆ ವೈದ್ಯರ ಅಳಿಯ ಹೊರದೇಶದಿಂದ ತಂದುಕೊಟ್ಟ, ಆರರಲ್ಲಿ ಅತಿ ಹೆಚ್ಚು ಬೆಲೆಯ ಒಂದು ಕ್ಯಾಬರ್ನೆ. ಅಕ್ಲೂಜ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೂ ಗಡಿ ದಾಟಿಸಿ ಬಾಟಲಿ ತರುವುದು ಅಬಕಾರಿ ಕಾನೂನಿನ ತಕರಾರು, ಆದ್ದರಿಂದ ನಮ್ಮ ಪಾಲಿನ ಐದನ್ನೂ ಕರ್ನಾಟಕದ ಅಂಗಡಿಗಳಲ್ಲಿಯೇ ಕೊಂಡೆವು.

ಲೆಕ್ಕ ಸರಳ. ಬಾಟಲಿಯಲ್ಲಿ 750 ಮಿಲಿಲೀಟರ್. ಒಬ್ಬರಿಗೆ 50ರಂತೆ ಆರು ಜನಕ್ಕೆ 300 ಹೋದರೆ ಊಟಕ್ಕೆ 450 ಉಳಿಯುತ್ತದೆ. ಆರು ವೈನ್ ಪೂರ್ತಿ ನುಂಗಿದರೆ ಊಟಕ್ಕೆ ಮುಂಚೆಯೇ ಒಬ್ಬೊಬ್ಬರ ಹೊಟ್ಟೆಗೆ 300 ಮಿಲಿಲೀಟರ್ ಸೇರಿ ತೀರ್ಪು ಮಂಕಾಗುತ್ತದೆ ಎಂದು ಉಗುಳಲು ಪ್ರತಿಯೊಬ್ಬರ ಪಕ್ಕದಲ್ಲಿ ಒಂದು ಸ್ಟೀಲ್ ಚೊಂಬು ಇಟ್ಟೆ. ಎಲೆ ಅಡಿಕೆಯನ್ನು ದಾರಿಯುದ್ದಕ್ಕೂ ಉಗುಳುವ ಗೌಡರಿಗೆ ವೈನ್ ಉಗುಳಲು ಮಾತ್ರ ಭಾರಿ ಸಂಕೋಚವಾಯಿತು. ಮೂವತ್ತಾರು ಗಾಜಿನ ಲೋಟ ನಮ್ಮಲ್ಲಿರಲಿಲ್ಲ, ಹನ್ನೆರಡು ಇದ್ದವು. ಆದ್ದರಿಂದ ಒಂದು ಸಲಕ್ಕೆ ಎರಡು ವೈನಿನಂತೆ ಮೂರು ಸುತ್ತು ಮಾಡಿದೆವು. ನಡುವೆ ಲೋಟಗಳನ್ನು ಬರೀ ಬಿಸಿನೀರಿನಲ್ಲಿ ತೊಳೆಯಬೇಕು, ಏಕೆಂದರೆ ಬಾಂಡೆ ತಿಕ್ಕುವ ಸೋಪಿನ ನಿಂಬೆ ವಾಸನೆ ಗಾಜಿಗೆ ಅಂಟಿದರೆ ಯಾವ ವೈನಾದರೂ ನಿಂಬೆಯದೇ ಆಗುತ್ತದೆ. ಬಿಳಿ ವೈನನ್ನು ಮೂರು ಗಂಟೆ, ಕೆಂಪನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿ ಇಟ್ಟೆವು. ಅಂದು ಸಂಜೆ ದೇವರ ಮುಂದೆ ದೀಪ ಮಾತ್ರ, ಊದಿನಕಡ್ಡಿ ಇಲ್ಲ. ಅತ್ತರು ಬೇಡ, ಮಲ್ಲಿಗೆ ಮುಡಿಯಬೇಡಿ ಎಂದು ಬರುವವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ಒಗ್ಗರಣೆಯೂ ಸವಿಯುವುದು ಮುಗಿದ ಮೇಲೆಯೇ. ಬಾಯಿ ಶುಚಿ ಮಾಡಲು ಇಂಥ ಕೂಟಗಳಲ್ಲಿ ಬ್ರೆಡ್ಡು ಇಡುವ ರೂಢಿಯಿದೆ. ನಾವು ಉಪ್ಪಿಲ್ಲದ ಖಡಕ್ ಜೋಳದ ರೊಟ್ಟಿಯ ಚೂರು ಇಟ್ಟೆವು. ಸಿಹಿಯಿಲ್ಲದ, ಹುಳಿಯಿಲ್ಲದ, ನಾಲಿಗೆಯನ್ನು ಉಜ್ಜಿ ತೆಗೆಯುವ ಅದರಂಥ ಪದಾರ್ಥ ಈ ಕೆಲಸಕ್ಕೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ವೈನ್‌ಗಳಿಗೆ ಸಂಖ್ಯೆ ಕೊಡಲಿಲ್ಲ. ಒಂದು ಎಂದ ಕೂಡಲೇ ಮನಸ್ಸು ಅದನ್ನು ಮೊದಲ ಸ್ಥಾನಕ್ಕೆ ತಳ್ಳುತ್ತದೆ. ಪ, ಕ, ತ, ಮ, ಚ, ಟ ಎಂಬ ಆರು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟೆ. ಬಿಳಿ ಮೊದಲು, ಕೆಂಪು ಆಮೇಲೆ ಎಂಬುದೊಂದೇ ಕಟ್ಟಳೆ. ಯಾವ ಬಾಟಲಿಗೆ ಯಾವ ಅಕ್ಷರ ಎಂಬುದು ಅವರಿಗೆ ಬಿಟ್ಟದ್ದು. ಅವರು ಅಡುಗೆಮನೆಯಲ್ಲಿಯೇ ಲೋಟಕ್ಕೆ ಸುರಿದು ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಡುವುದು, ನಾವು ಎತ್ತಿಕೊಳ್ಳುವುದು. ಬಾಟಲಿಯ ನೆರಳೂ ನಮಗೆ ಬೀಳಲಿಲ್ಲ.

ಅಂಕಪಟ್ಟಿಯನ್ನು ಸಿದ್ಧಪಡಿಸಲು ಮಾತ್ರ ನಾನು ಎರಡು ಸಂಜೆ ಕಳೆದೆ. ಒಟ್ಟು 20 ಅಂಕ: ಬಣ್ಣಕ್ಕೆ 2, ವಾಸನೆಗೆ 6, ರುಚಿಗೆ 8, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದಕ್ಕೆ 4. ವಾಸನೆ ಬರೆಯಿರಿ ಎಂದರೆ ಜನ ತಾವು ಎಂದೂ ತಿನ್ನದ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಎಂದು ಬರೆಯುತ್ತಾರೆ. ಮೊದಲ ಸಲ ನಾನೂ ಬರೆದಿದ್ದೆ. ಈ ಸಲ ನಮ್ಮ ಸಂತೆಯಲ್ಲಿ ಸಿಗದ ಯಾವುದನ್ನೂ ಬರೆಯಕೂಡದು ಎಂದು ನಿಯಮ ಮಾಡಿದೆ. ಪಟ್ಟಿಯ ಬದಿಯಲ್ಲಿ ಪೇರಲ, ನೇರಳೆ, ಹುಣಸೆ, ಬಾರಿಹಣ್ಣು, ಮೆಣಸಿನಕಾಳು, ಡೊಣ್ಣ ಮೆಣಸಿನಕಾಯಿ, ಹೊಗೆ, ಮೊದಲ ಮಳೆಯ ಮಣ್ಣು, ಗಂಧಕ, ಮುಗ್ಗಲು ಎಂದು ಬರೆದುಕೊಟ್ಟೆ. ಇವು ಹೋಲಿಕೆಗೆ ಬರೆದ ಮಾತುಗಳಷ್ಟೇ ಅಲ್ಲ. ಕ್ಯಾಬರ್ನೆಯಲ್ಲಿ ಡೊಣ್ಣ ಮೆಣಸಿನಕಾಯಿಯ ವಾಸನೆ ಬರುವುದು ಪೈರಜೀನ್ ಎಂಬ ವಸ್ತುವಿನಿಂದ, ಅದು ಆ ಕಾಯಿಯಲ್ಲಿಯೂ ಇದೆ. ಶಿರಾಜ್‌ನ ಮೆಣಸಿನ ಘಮಕ್ಕೆ ಕಾರಣವಾದ ರೊಟಂಡೋನ್ ಕರಿಮೆಣಸಿನಲ್ಲಿಯೂ ಇದೆ ಎಂದು ಮೇಷ್ಟ್ರು ವಿವರಿಸಿದರು. ಇನ್ನು ಟ್ಯಾನಿನ್ ಎಂಬುದಕ್ಕೆ ನಮಗೆ ಪಾಠವೇ ಬೇಕಿರಲಿಲ್ಲ. ಎಳೆಯ ಬಾಳೆಕಾಯಿ, ಹಸಿ ಅಡಿಕೆ, ಬಲಿಯದ ಪೇರಲ ಕಚ್ಚಿದವರಿಗೆಲ್ಲ ಒಗರು ಎಂದರೆ ಸಾಕು. ಒಗರು ಹಾಗೆ ನೋಡಿದರೆ ರುಚಿಯಲ್ಲ, ಸ್ಪರ್ಶ. ಜೊಲ್ಲಿನಲ್ಲಿರುವ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡು ಬಾಯಿಯ ಜಾರಿಕೆ ತಪ್ಪಿದಾಗ ಒಳಗೋಡೆ ಬಿಗಿದಂತಾಗುತ್ತದೆ. ಬಾಟಲಿಯ ಹಿಂದೆ ಇಂಗ್ಲಿಷಿನಲ್ಲಿ ಅಷ್ಟುದ್ದ ಬರೆಯುವುದನ್ನು ಗೌಡರು ತಮ್ಮ ಹಾಳೆಯಲ್ಲಿ ‘ಒಗರು, ಆದರೆ ಹಣ್ಣಾದ ಒಗರು’ ಎಂದು ಮುಗಿಸಿದ್ದರು.

ಸವಿಯುವಾಗ ಮಾತು ನಿಷಿದ್ಧವಾಗಿತ್ತು. ಇದನ್ನು ಪಾಲಿಸುವುದು ಬಾಟಲಿ ಮುಚ್ಚುವುದಕ್ಕಿಂತ ಕಷ್ಟ, ಏಕೆಂದರೆ ಒಬ್ಬರು ‘ಹೂಂ’ ಎಂದು ರಾಗ ಎಳೆದರೂ ಅದು ಐವರ ಹಾಳೆಯ ಮೇಲೆ ಅಂಕವಾಗಿ ಇಳಿಯುತ್ತದೆ. ಬಿಳಿ ವೈನ್‌ಗಳಲ್ಲಿ ಭಿನ್ನಾಭಿಪ್ರಾಯ ಹೆಚ್ಚಿರಲಿಲ್ಲ: ‘ಪ’ದಲ್ಲಿ ಹುಲ್ಲು ಮತ್ತು ಪೇರಲ, ‘ಕ’ದಲ್ಲಿ ತುಸು ಸಿಹಿ ಎಂದು ಎಲ್ಲರೂ ಬರೆದಿದ್ದರು. ಕೆಂಪು ಬಂದಾಗ ನಾನು ‘ತ’ಕ್ಕೆ 11 ಅಂಕ ಕೊಟ್ಟು, ‘ಒಗರು ಒರಟಾಗಿದೆ, ಹುಳಿ ಮುಂದೆ ಬಂದಿದೆ, ನಮ್ಮ ಕಡೆಯ ಬಿಸಿಲಿನ ವೈನ್’ ಎಂದು ಬರೆದೆ. ಕೊನೆಯ ‘ಟ’ಕ್ಕೆ 15 ಕೊಟ್ಟು, ‘ನಯವಾಗಿದೆ, ನೇರಳೆ, ಹಿಂದೆ ಹೊಗೆ, ಬಹುಶಃ ಹೊರದೇಶದ್ದು’ ಎಂದೆ. ಬ್ಯಾಂಕಿನವರು ಬಹುಶಃ ಎಂಬ ಪದವನ್ನೂ ಬಳಸಲಿಲ್ಲ. ‘ಟ’ದ ಮುಂದೆ ‘ಖಂಡಿತ ವಿದೇಶಿ’ ಎಂದು ಬರೆದು ಎರಡು ಗೆರೆ ಎಳೆದರು.

ಆಮೇಲೆ ಊಟ. ಎಣ್ಣೆಗಾಯಿ ಬದನೆಕಾಯಿ, ಹೆಸರುಕಾಳಿನ ಪಲ್ಯ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆನೆಮೊಸರು. ವೈನ್‌ಗಳು ಈಗಲೂ ಅಕ್ಷರದ ಹೆಸರಿನಲ್ಲಿಯೇ ಬರುತ್ತಿದ್ದವು, ಮತ್ತು ಅವುಗಳ ಸ್ಥಾನಮಾನ ಅರ್ಧ ಗಂಟೆಯಲ್ಲಿ ಬುಡಮೇಲಾಯಿತು. ಬರೀ ಬಾಯಲ್ಲಿ ಎಲ್ಲರಿಂದ ಹೊಗಳಿಸಿಕೊಂಡಿದ್ದ, ಒಗರು ಹೆಚ್ಚಿದ್ದ ‘ಮ’ ಎಂಬ ಕೆಂಪು ವೈನ್ ಹಿಂಡಿಯ ಖಾರದ ಮೇಲೆ ಬಿದ್ದಾಗ ಗಂಟಲಲ್ಲಿ ಉರಿ ಎಬ್ಬಿಸಿತು. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರದ ಗ್ರಾಹಕವನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ, ಆದ್ದರಿಂದ ಖಾರದೂಟಕ್ಕೆ ಘಾಟಿನ ವೈನ್ ಎಂದರೆ ಉರಿಯುವ ಒಲೆಗೆ ಸೀಮೆಎಣ್ಣೆ ಎಂದು ವೈದ್ಯರು ನಕ್ಕರು. ತಣ್ಣಗಿದ್ದ, ತುಸು ಸಿಹಿಯ ‘ಕ’ ಮಾತ್ರ ಖಾರವನ್ನು ಸಮಾಧಾನ ಮಾಡಿತು. ಎಣ್ಣೆಗಾಯಿಯ ಜೊತೆಗೆ ‘ಚ’ ಚೆನ್ನಾಗಿ ಹೊಂದಿತು. ಅದರ ಹುಳಿಗೂ ಮಸಾಲೆಯ ಹುಣಸೆಗೂ ಹಳೆಯ ಪರಿಚಯವಿದ್ದಂತಿತ್ತು. ‘ಟ’ ಇನ್ನೊಂದಿಷ್ಟು ಬೇಕು ಎಂದು ಬ್ಯಾಂಕಿನವರು ಕೇಳಿದರೆ ಅದು ಮುಗಿಯಿತು ಎಂದು ಒಳಗಿನಿಂದ ಉತ್ತರ ಬಂತು. ಹಾಗಾದರೆ ‘ತ’ ಕೊಡಿ ಎಂದರೆ ಅದೂ ಮುಗಿದಿತ್ತು. 450 ಮಿಲಿಲೀಟರ್ ಅಷ್ಟು ಬೇಗ ಹೇಗೆ ಮುಗಿಯಿತು ಎಂದು ಲೆಕ್ಕದ ಮನುಷ್ಯರಾದ ಅವರಿಗೂ ಹೊಳೆಯಲಿಲ್ಲ, ಲೆಕ್ಕ ಹಾಕಿದ್ದ ನನಗೂ ಹೊಳೆಯಲಿಲ್ಲ.

ಕೈ ತೊಳೆದು ಕೂತ ಮೇಲೆ ಮನೆಯವರು ಚೀಟಿ ಓದಿದರು. ಪ ಸೊವಿನ್ಯೋ, ಕ ಶೆನಿನ್, ತ ನಂದಿಯ ಬೆರಕೆ, ಮ ಶಿರಾಜ್, ಚ ಸಾಂಜೊವೇಸೆ, ಟ ನಂದಿಯ ಬೆರಕೆ. ಓದುವಾಗ ತಪ್ಪಾಯಿತೇನೋ ಎಂದು ನಾನು ಎರಡು ಬಾರಿ ಕೇಳಿದೆ. ‘ತಪ್ಪಿಲ್ಲರೀ. ಆ ಹೊರಗಿನ ಬಾಟಲಿ ತೆಗೆದ್ರ ಮುಗ್ಗಲು ನಾತ ಹೊಡೀತಿತ್ತು, ಮಳಿಗಾಲದಾಗ ತೊಯ್ದ ಚೀಲದ ಗತೆ. ಅದನ್ನ ಹೆಂಗ ಕೊಡೋದು? ನೀವು ಆರು ಅಂದಿದ್ರಿ, ಅದಕ್ಕ ಇದನ್ನ ಎರಡ ಸಲ ಹಾಕಿದೆ’ ಎಂದರು. ಒಂದೇ ಬಾಟಲಿಯಿಂದ 600 ಮಿಲಿಲೀಟರ್ ಹೋಗಿ ಉಳಿದದ್ದು 150 ಮಾತ್ರ. ಊಟಕ್ಕೆ ಮುಗಿಯದೆ ಏನಾದೀತು!

ಆರೂ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದೆವು. ಒಂದೇ ವೈನಿಗೆ ಎರಡು ಲೋಟದಲ್ಲಿ ನನ್ನ ಅಂತರ 4, ಬ್ಯಾಂಕಿನವರದು 6, ವೈದ್ಯರದು 3. ಹತ್ತಿರ ಹತ್ತಿರ ಅಂಕ ಕೊಟ್ಟವರು ಮೇಷ್ಟ್ರ ಪತ್ನಿ ಮತ್ತು ಗೌಡರು ಇಬ್ಬರೇ. ಅವರಿಬ್ಬರೂ ವೈನಿನ ಬಗ್ಗೆ ಏನೂ ಓದಿದವರಲ್ಲ. ಮೊದಲ ಲೋಟವನ್ನು ಹುಳಿಯಾದ ಎರಡು ಬಿಳಿ ವೈನ್‌ಗಳ ಬೆನ್ನಿಗೆ ಕುಡಿದಿದ್ದರಿಂದ ಅದರ ಒಗರು ಎದ್ದು ಕಂಡಿರಬೇಕು, ಎರಡನೆಯದು ಬಿರುಸಾದ ಶಿರಾಜ್ ಆದ ಮೇಲೆ ಬಂದದ್ದರಿಂದ ನಯವೆನಿಸಿರಬೇಕು ಎಂದು ನಾನು ಕಾರಣ ಹುಡುಕಿದೆ. ಅದು ಅರ್ಧ ಸತ್ಯ ಮಾತ್ರ. ಇನ್ನರ್ಧವೆಂದರೆ ಹೊರದೇಶದ ವೈನ್ ಒಂದು ಇದೆ ಎಂದು ನಮಗೆಲ್ಲ ಮೊದಲೇ ತಿಳಿದಿತ್ತು, ಮತ್ತು ಇಲ್ಲದ ಅದನ್ನು ನಮ್ಮ ನಾಲಿಗೆ ಹುಡುಕಿ ತೆಗೆದಿತ್ತು. ಬಾಟಲಿಯ ಹೆಸರು ಮುಚ್ಚಿದ್ದೆ, ಯಾವ ಯಾವ ವೈನ್ ಇವೆ ಎಂಬ ಪಟ್ಟಿಯನ್ನು ಮುಚ್ಚಿರಲಿಲ್ಲ.

ಕ್ಯಾಲಿಫೋರ್ನಿಯಾದ ರಾಬರ್ಟ್ ಹಾಡ್ಜ್‌ಸನ್ ಎಂಬ ನಿವೃತ್ತ ಪ್ರಾಧ್ಯಾಪಕರು ತಾವೇ ವೈನ್ ತಯಾರಿಸುವವರಾಗಿದ್ದು, ಅಲ್ಲಿನ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಅನುಭವಿ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ತಿಳಿಸದೆ ಮೂರು ಬಾರಿ ಕೊಡಿಸಿದ್ದರು; ತಮ್ಮ ಅಂಕವನ್ನು ಒಂದೇ ಪದಕದ ಮಟ್ಟದೊಳಗೆ ಉಳಿಸಿಕೊಂಡವರು ಹತ್ತರಲ್ಲಿ ಸುಮಾರು ಒಬ್ಬರಷ್ಟೇ ಎಂದು 2008ರಲ್ಲಿ ಪ್ರಕಟಿಸಿದರು. ಇದನ್ನು ಮೇಷ್ಟ್ರು ಹೇಳಿದಾಗ ಬ್ಯಾಂಕಿನವರ ಮುಖಕ್ಕೆ ಸ್ವಲ್ಪ ಕಳೆ ಬಂತು.

ಕೊನೆಗೆ ಆ ಮುಗ್ಗಲು ಬಾಟಲಿಯನ್ನು ತರಿಸಿ ಒಬ್ಬೊಬ್ಬರೂ ಮೂಸಿದೆವು. ಬೆಂಡಿನ ಬಿರಡೆಯಲ್ಲಿ ಹುಟ್ಟುವ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತುವಿನ ಕೆಲಸವಿದು, ಲೀಟರಿಗೆ ಕೆಲವೇ ನ್ಯಾನೋಗ್ರಾಮ್ ಇದ್ದರೂ ಮೂಗಿಗೆ ಸಿಗುತ್ತದೆ ಎಂದು ಮೇಷ್ಟ್ರು ಹೇಳಿದರು. ಸಿಗುವುದು ನಿಜ, ಆದರೆ ಬೆಲೆ ಗೊತ್ತಿದ್ದು ಲೋಟದಲ್ಲಿ ಬಂದಿದ್ದರೆ ನಾನು ಅದನ್ನು ‘ಹಳೆಯ ಮರ, ಮೊದಲ ಮಳೆಯ ಮಣ್ಣು’ ಎಂದು ಬರೆದು 16 ಅಂಕ ಕೊಡುತ್ತಿದ್ದೆನೇನೋ ಎಂಬ ಅನುಮಾನ ಇನ್ನೂ ಇದೆ. ಮುಂದಿನ ಕೂಟ ಹಂಗಾಮು ಮುಗಿದ ಮೇಲೆ. ಸುರಿಯುವ ಕೆಲಸ ಮತ್ತೆ ಮನೆಯವರದೇ. ಆದರೆ ಈ ಸಲ ಬಾಟಲಿ ಕೊಳ್ಳುವವರೂ ಅವರೇ, ಎಷ್ಟು ಕೊಂಡಿದ್ದೇನೆ ಎಂಬುದನ್ನೂ ಹೇಳುವುದಿಲ್ಲ ಎಂದು ಈಗಲೇ ತಿಳಿಸಿದ್ದಾರೆ.